ಯಕೃತ್ತಿನ ಚಕ್ಕುಬಂದಿ

ನಮ್ಮ ಮಾವನವರ ಹೊಟ್ಟೆಯಿಂದ ಏನನ್ನು ತೆಗೆದರು ಎನ್ನುವುದಕ್ಕೆ ಮನೆಯಲ್ಲಿ ನಾಲ್ಕು ದಾಖಲೆಗಳಿವೆ. ನಾಲ್ಕೂ ಒಂದೇ ಆಸ್ಪತ್ರೆಯವು, ನಾಲ್ಕಕ್ಕೂ ಒಂದೇ ಸೀಲು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಲಿವರಿನ ಲೆಫ್ಟ್ ಲೋಬ್‌ನಲ್ಲಿ ಗಂಟು’ ಎಂದಿದೆ. ಇನ್ಶೂರೆನ್ಸಿನವರ ಒಪ್ಪಿಗೆಗೆ ಮೊದಲೇ ಕಳಿಸಿದ ಅಂದಾಜುಪಟ್ಟಿಯಲ್ಲಿ ‘ಲೆಫ್ಟ್ ಲೋಬೆಕ್ಟಮಿ’. ಆಪರೇಷನ್ ಆದ ಮೇಲೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಲೆಫ್ಟ್ ಲ್ಯಾಟರಲ್ ಸೆಕ್ಷನೆಕ್ಟಮಿ’. ಬಿಲ್ಲಿನಲ್ಲಿ ‘ಬೈಸೆಗ್ಮೆಂಟೆಕ್ಟಮಿ 2, 3’. ಗಂಟು ಕ್ಯಾನ್ಸರ್ ಆಗಿರಲಿಲ್ಲ, ಬರೀ ರಕ್ತನಾಳಗಳ ಮುದ್ದೆ. ಹತ್ತನೇ ದಿನಕ್ಕೆ ಮಾವನವರು ರಾಗಿಮುದ್ದೆ ಕೇಳಿದರು. ದೇಹದ ಕಾಯಿಲೆ ಅಲ್ಲಿಗೆ ಮುಗಿದು, ಕಾಗದದ ಕಾಯಿಲೆ ಶುರುವಾಯಿತು.

ಡಿಸ್ಚಾರ್ಜ್ ದಿನವೇ ಇನ್ಶೂರೆನ್ಸಿನವರು ಹಣ ತಡೆಹಿಡಿದಿದ್ದರು. ನಾವು ಕೈಯಿಂದ ಕಟ್ಟಿ ಬಂದು ಕ್ಲೇಮ್ ಹಾಕಿದೆವು. ಆಮೇಲೆ ಬಂತು ‘ಕ್ವೆರಿ’: ಒಪ್ಪಿಗೆ ಕೊಟ್ಟಿದ್ದು ಲೋಬೆಕ್ಟಮಿಗೆ, ಬಂದಿರುವುದು ಒಂದು ಸೆಕ್ಷನೆಕ್ಟಮಿ ಮತ್ತು ಒಂದು ಬೈಸೆಗ್ಮೆಂಟೆಕ್ಟಮಿ, ರೋಗಿಗೆ ಒಟ್ಟು ಎಷ್ಟು ಆಪರೇಷನ್ ಆಗಿವೆ, ವ್ಯತ್ಯಾಸಕ್ಕೆ ಕಾರಣವೇನು, ವಿವರಿಸಿ.

ಮಾವನವರು ಸರ್ವೆ ಇಲಾಖೆಯಲ್ಲಿ 34 ವರ್ಷ ಭೂಮಾಪಕರಾಗಿದ್ದು ನಿವೃತ್ತರಾದವರು. ಕನ್ನಡಕ ಏರಿಸಿ ನಾಲ್ಕು ಕಾಗದವನ್ನೂ ಮಂಚದ ಮೇಲೆ ಹರಡಿಕೊಂಡು, ನಾನು ಗಾಬರಿಯಾಗಿರುವುದನ್ನು ನೋಡಿ ನಕ್ಕರು.

‘ಕ್ರಯಪತ್ರದಲ್ಲಿ ಒಂದು ಚಕ್ಕುಬಂದಿ, ಪಹಣಿಯಲ್ಲಿ ಇನ್ನೊಂದು, ಟಿಪ್ಪಣಿಯಲ್ಲಿ ಮತ್ತೊಂದು, ಸ್ಥಳದಲ್ಲಿ ನಾಲ್ಕನೆಯದು. ಇದರಲ್ಲಿ ಆಶ್ಚರ್ಯ ಏನಪ್ಪಾ? ನಾಲ್ಕೂ ತಾಳೆಯಾಗೋ ಫೈಲು ಬಂದರೆ ನಾವು ಖೋಟಾ ಇರಬೇಕು ಅಂತ ಅನುಮಾನ ಪಡ್ತಿದ್ವಿ.’

‘ಇದು ಜಮೀನಲ್ಲ ಮಾವ, ಲಿವರು.’

‘ಭಾಗ ಮಾಡೋ ವಸ್ತು ಅಂದಮೇಲೆ ಎಲ್ಲಾ ಒಂದೇ. ನೀನು ಉತ್ತರ ಬರಿ.’

ಭಾಷಾಂತರ ಮಾಡಿ ಹೊಟ್ಟೆ ಹೊರೆಯುವ ಅಳಿಯ ಇಂಥದ್ದಕ್ಕೆ ತಾನೆ ಬೇಕಾಗುವುದು. ಒಪ್ಪಿಕೊಂಡೆ. ಅಂಗದ ಹೆಸರಿನಲ್ಲೇ ಎಡವಿದೆ. ನನ್ನ ಶಾಲೆಯ ಒಂದು ಪಾಠದಲ್ಲಿ ಅದು ಯಕೃತ್ತು, ಇನ್ನೊಂದು ಪಾಠದಲ್ಲಿ ಪಿತ್ತಜನಕಾಂಗ. ಎರಡೂ ಬೇರೆ ಬೇರೆ ಅಂಗಗಳೆಂದು ನಂಬಿ ಪರೀಕ್ಷೆಯಲ್ಲಿ ಎರಡಕ್ಕೂ ಪ್ರತ್ಯೇಕ ಕೆಲಸ ಹಂಚಿ ಪಾಸಾದವನು ನಾನು. ಮಟನ್ ಅಂಗಡಿಯಲ್ಲಿ ಅದು ಲಿವರು, ಕಲಬುರಗಿ ಕಡೆಯ ಗೆಳೆಯನ ಮನೆಯಲ್ಲಿ ಕಲೇಜಿ. ‘ಲೋಬ್’ಗೆ ನಮ್ಮ ಪುಸ್ತಕಗಳು ‘ಹಾಲೆ’ ಎನ್ನುತ್ತವೆ. ಕಿವಿಗೆ ಇರುವ ಅದೇ ಹಾಲೆ. ‘ಎಡಹಾಲೆಯ ಛೇದನ’ ಎಂದು ಬರೆದು ಕಳಿಸಿದ್ದರೆ ಇನ್ಶೂರೆನ್ಸಿನವರು ಕಿವಿ ಡಾಕ್ಟರ ಸರ್ಟಿಫಿಕೇಟ್ ಕೇಳುತ್ತಿದ್ದರು. ಕನ್ನಡ ಬಿಟ್ಟು ವೈದ್ಯರ ಭಾಷೆಯಲ್ಲೇ ಬರೆಯೋಣ, ಅದರಲ್ಲಾದರೂ ಗೊಂದಲ ಇರುವುದಿಲ್ಲ ಎಂದುಕೊಂಡೆ. ಆ ದಿನ ನನಗಿದ್ದ ಮುಗ್ಧತೆ ನೆನೆದರೆ ಈಗ ಕಣ್ಣು ತುಂಬಿಬರುತ್ತದೆ.

ಲಿವರು ಒಂದೂಕಾಲು, ಒಂದೂವರೆ ಕಿಲೋ ತೂಗುವ ನುಣುಪಾದ ಗುಡ್ಡೆ. ಶ್ವಾಸಕೋಶದ ಹಾಗೆ ಹೊರಗಿನಿಂದ ನೋಡಿದರೆ ಕಾಣುವ ಸೀಳುಗಳು ಅದಕ್ಕಿಲ್ಲ. ಮುಂಭಾಗದಲ್ಲಿ ಕುಡುಗೋಲಿನಂಥ ಒಂದು ತೆಳು ಪೊರೆ ಮಾತ್ರ ಹಾದುಹೋಗಿದೆ, ಹೆಸರೂ ಅದೇ ಅರ್ಥದ್ದು: ಫ್ಯಾಲ್ಸಿಫಾರ್ಮ್. ಹಳೆಯ ಅಂಗರಚನಾಶಾಸ್ತ್ರಜ್ಞರು ಅದಕ್ಕಿಂತ ಆಳಕ್ಕೆ ಹೋಗುವ ತೊಂದರೆ ತೆಗೆದುಕೊಳ್ಳದೆ, ಪೊರೆಯ ಆ ಕಡೆ ಬಲ, ಈ ಕಡೆ ಎಡ ಎಂದು ಬರೆದು ಸಹಿ ಹಾಕಿದರು. ಇದಾದರೂ ಸುಧಾರಣೆಯೇ. ಅದಕ್ಕೆ ಮುಂಚೆ ಗ್ರೀಕ್ ವೈದ್ಯ ಗ್ಯಾಲೆನ್ ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯನಿಗೂ ಲಿವರಿನಲ್ಲಿ ಐದು ಲೋಬ್ ಹಂಚಿದ್ದ. ಸಾವಿರದ ಮುನ್ನೂರು ವರ್ಷ ಕಳೆದ ಮೇಲೂ, 1538ರಲ್ಲಿ, ವೆಸಾಲಿಯಸ್‌ನಂಥವನೇ ಐದು ಎಸಳಿನ ಲಿವರನ್ನು ಬರೆದ. 1543ರ ದೊಡ್ಡ ಗ್ರಂಥದಲ್ಲಿ ತಿದ್ದಿಕೊಂಡ. ಕಣ್ಣೆದುರು ಹೆಣ ಬಿದ್ದಿದ್ದರೂ ಗುರುವಿನ ಪುಸ್ತಕ ನೋಡಿ ಎಣಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಎಂದು ಯಾರೂ ಹೆಮ್ಮೆ ಪಡುವಂತಿಲ್ಲ.

‘ಬೇಲಿ ನೋಡಿ ಗಡಿ ಬರ್ಕೊಂಡಿದಾರೆ,’ ಎಂದರು ಮಾವ. ‘ಬೇಲಿ ಹಾಕೋನು ದನ ತಡೆಯೋಕೆ ಹಾಕಿರ್ತಾನೆ. ಅದೇ ಹದ್ದು ಅಂತ ತಿಳ್ಕೊಂಡರೆ ಕೋರ್ಟೇ ಗತಿ.’

ಗಡಿ ಬೇರೆ ಕಡೆ ಇದೆ ಎಂದು 1888ರಲ್ಲೇ ಹ್ಯೂಗೋ ರೆಕ್ಸ್ ಎಂಬಾತ ಹೇಳಿದ. 1897ರಲ್ಲಿ ಜೇಮ್ಸ್ ಕ್ಯಾಂಟ್ಲಿ ಎಂಬ ಸ್ಕಾಟ್ಲೆಂಡಿನ ವೈದ್ಯ ಅದನ್ನೇ ಮತ್ತೆ ಹೇಳಿದ. ಹಾಂಗ್‌ಕಾಂಗಿನಲ್ಲಿ ಶವಪರೀಕ್ಷೆ ಮಾಡುವಾಗ ಒಂದು ಲಿವರಿನ ಬಲಭಾಗ ಪೂರ್ತಿ ಸೊರಗಿತ್ತು, ಉಳಿದದ್ದು ಊದಿಕೊಂಡಿತ್ತು. ಸೊರಗಿದ್ದಕ್ಕೂ ಊದಿದ್ದಕ್ಕೂ ನಡುವಿನ ಎಲ್ಲೆ ಪೊರೆಯ ಹತ್ತಿರ ಇರಲಿಲ್ಲ. ಪಿತ್ತಕೋಶದಿಂದ ಹೊರಟು ಹಿಂದಿನ ಮಹಾಸಿರೆಯವರೆಗೆ ಓಡಿತ್ತು. ಲಿವರಿನ ನಿಜವಾದ ನಡುಗೆರೆ ಅದು. ಈಗ ಅದನ್ನು ಕೆಲವರು ಕ್ಯಾಂಟ್ಲಿ ಗೆರೆ ಎನ್ನುತ್ತಾರೆ, ನ್ಯಾಯಬುದ್ಧಿಯವರು ರೆಕ್ಸ್-ಕ್ಯಾಂಟ್ಲಿ ಗೆರೆ ಎನ್ನುತ್ತಾರೆ. ಈ ಕ್ಯಾಂಟ್ಲಿ ಆಸಾಮಿ ಸಾಮಾನ್ಯನಲ್ಲ. ಚೀನಾದ ಸುನ್ ಯಾತ್-ಸೆನ್ ಇವನ ಶಿಷ್ಯ. 1896ರಲ್ಲಿ ಲಂಡನ್ನಿನ ಚೀನೀ ರಾಯಭಾರ ಕಚೇರಿಯವರು ಶಿಷ್ಯನನ್ನು ಹಿಡಿದು ಕೂಡಿಹಾಕಿದಾಗ ಊರೆಲ್ಲ ಗಲಾಟೆ ಎಬ್ಬಿಸಿ ಬಿಡಿಸಿಕೊಂಡು ಬಂದ. ಒಂದು ಸಾಮ್ರಾಜ್ಯ ಉರುಳಿಸುವವನ ಜೀವ ಉಳಿಸಲು ಅವನಿಗೆ ಕೆಲವೇ ದಿನ ಸಾಕಾಯಿತು. ಲಿವರಿನ ಎಡಬಲ ಸರಿಪಡಿಸಲು ನೂರು ವರ್ಷ ಸಾಲಲಿಲ್ಲ.

ಯಾಕೆಂದರೆ ಹಳೆಯ ಗಡಿಯನ್ನು ಯಾರೂ ಅಳಿಸಲಿಲ್ಲ. ಪೊರೆಗೂ ಪಿತ್ತಕೋಶಕ್ಕೂ ನಡುವೆ ಕ್ವಾಡ್ರೇಟ್ ಲೋಬ್ ಎಂಬ ಚೌಕನೆಯ ತುಂಡೊಂದಿದೆ. ಬೇಲಿಯ ಲೆಕ್ಕದಲ್ಲಿ ಅದು ಬಲದ್ದು. ಕ್ಯಾಂಟ್ಲಿಯ ಲೆಕ್ಕದಲ್ಲಿ ಎಡದ್ದು. ವೈದ್ಯಕೀಯ ವಿದ್ಯಾರ್ಥಿ ಮೊದಲ ವರ್ಷ ಅನಾಟಮಿ ಹಾಲಿನಲ್ಲಿ ಬಲ ಎನ್ನಬೇಕು. ಅದೇ ಕಟ್ಟಡದ ಮೆಟ್ಟಿಲು ಹತ್ತಿ ಸರ್ಜರಿ ವಿಭಾಗಕ್ಕೆ ಹೋದರೆ ಎಡ ಎನ್ನಬೇಕು. ಯಾವ ರೆಸಾರ್ಟಿಗೂ ಹೋಗದೆ, ಕೂತ ಜಾಗದಿಂದ ಒಂದು ಮಿಲಿಮೀಟರ್ ಕದಲದೆ ಪಕ್ಷಾಂತರ ಮಾಡಿದ ಸದಸ್ಯ ಇದೊಂದೇ ಇರಬೇಕು. ಎರಡೂ ಪಕ್ಷದ ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಅದರ ಹೆಸರಿದೆ.

ನಿಜವಾದ ಪೋಡಿ ನಡೆದದ್ದು 1950ರ ದಶಕದಲ್ಲಿ. ಇದನ್ನು ಮಾವನವರಿಗೆ ವಿವರಿಸಲು ಹೋಗಿ ನಾನೇ ಕಲಿತೆ. ಲಿವರಿಗೆ ಬರುವ ರಕ್ತದ ಮುಕ್ಕಾಲು ಪಾಲು ಪೋರ್ಟಲ್ ಸಿರೆಯ ಮೂಲಕ ಬರುತ್ತದೆ. ಅದು ಒಳಗೆ ಬಂದು ಎರಡಾಗಿ, ಆಮೇಲೆ ಕವಲು ಕವಲಾಗಿ ಒಡೆಯುತ್ತದೆ. ಅದರ ಜೊತೆಜೊತೆಗೇ ಒಂದು ಅಪಧಮನಿ, ಒಂದು ಪಿತ್ತನಾಳ, ಮೂರನ್ನೂ ಸುತ್ತಿದ ಒಂದು ಕವಚ. 1654ರಲ್ಲಿ ಗ್ಲಿಸನ್ ಎಂಬ ಇಂಗ್ಲೆಂಡಿನ ವೈದ್ಯ ಬಣ್ಣಿಸಿದ ಕವಚ ಅದು. ಹೊರಗೆ ಹೋಗುವ ರಕ್ತದ ದಾರಿ ಬೇರೆ. ಮೂರು ದೊಡ್ಡ ಸಿರೆಗಳು ಈ ಕವಲುಗಳ ನಡುವಿನ ಜಾಗದಲ್ಲಿ ಹರಿದು ಮಹಾಸಿರೆಗೆ ಸೇರುತ್ತವೆ.

ಮಾವ ಎದ್ದು ಕುಳಿತರು. ‘ನಾಲೆ ಗದ್ದೆ ನಡುವೆ ಬರುತ್ತೆ, ಬಸಿಗಾಲುವೆ ಗದ್ದೆ ಅಂಚಲ್ಲಿ ಹೋಗುತ್ತೆ. ಅಲ್ವಾ? ಹಂಗಾದ್ರೆ ಒಂದೊಂದು ತೂಬಿಗೆ ಎಷ್ಟು ಅಚ್ಚುಕಟ್ಟು ಇದೆಯೋ ಅದೇ ಒಂದು ನಂಬರು. ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ?’

ಪ್ಯಾರಿಸ್ಸಿನ ಕ್ಲೋಡ್ ಕ್ವೀನೋ ಮಾಡಿದ್ದು ಅದನ್ನೇ. ನೂರಕ್ಕೂ ಹೆಚ್ಚು ಲಿವರುಗಳ ನಾಳಗಳಿಗೆ ಅಚ್ಚು ಎರಕಹೊಯ್ದು, ಕವಲು ಎಣಿಸಿ, 1957ರ ತನ್ನ ಗ್ರಂಥದಲ್ಲಿ ಎಂಟು ಸೆಗ್ಮೆಂಟ್ ಗೊತ್ತುಮಾಡಿದ. ಒಂದು ತೂಬನ್ನು ಹಿಡಿದು ಮುಚ್ಚಿದರೆ ಅಷ್ಟು ಅಚ್ಚುಕಟ್ಟು ಕಪ್ಪಗಾಗುತ್ತದೆ. ಸರ್ಜನ್ ಆ ಬಣ್ಣದ ಅಂಚಿನ ಮೇಲೆ ಕೊಯ್ದುಕೊಂಡು ಹೋಗುತ್ತಾರೆ. ನಂಬರು ಕೊಟ್ಟಿದ್ದು ಹಿಂದುಗಡೆ ಅಡಗಿರುವ ತುಂಡಿನಿಂದ ಶುರುಮಾಡಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಾ. ಪ್ಯಾರಿಸ್ ನಗರದ 20 ವಾರ್ಡುಗಳ ನಂಬರೂ ನಡುವಿನಿಂದ ಹೊರಟು ಹೀಗೇ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತದೆ. ತನ್ನ ಊರಿನ ವಿಳಾಸ ಬಿಟ್ಟು ಬೇರೆ ವಿಳಾಸ ಮನುಷ್ಯನಿಗೆ ಹೊಳೆಯುವುದಿಲ್ಲ. ನಮ್ಮ ಬೆಂಗಳೂರಿನವರ ಕೈಗೆ ಸಿಕ್ಕಿದ್ದರೆ ಲಿವರಿನಲ್ಲಿ 5ನೇ ಮೇನ್, 8ನೇ ಕ್ರಾಸ್, ನಡುವೆ 8ಎ ಕ್ರಾಸ್ ಇರುತ್ತಿದ್ದವು. ನಗಬೇಡಿ, ನಾಲ್ಕನೇ ಸೆಗ್ಮೆಂಟಿಗೆ ಈಗ 4ಎ, 4ಬಿ ಇವೆ.

ಒಂದನೇ ನಂಬರಿನ ತುಂಡಿನ ಕಥೆ ಮಾವನವರಿಗೆ ಬಹಳ ಹಿಡಿಸಿತು. ಅದು ಎಡದ ನಾಲೆಯಿಂದಲೂ ನೀರು ಕುಡಿಯುತ್ತದೆ, ಬಲದ ನಾಲೆಯಿಂದಲೂ ಕುಡಿಯುತ್ತದೆ, ಬಸಿಯುವುದು ಮಾತ್ರ ಯಾರ ಕಾಲುವೆಗೂ ಸೇರದೆ ನೇರ ದೊಡ್ಡ ಹಳ್ಳಕ್ಕೆ. ‘ಗೋಮಾಳ’ ಎಂದು ತೀರ್ಪು ಕೊಟ್ಟರು. ಗೋಮಾಳದ ಕಥೆ ಏನಾಗುತ್ತದೋ ಅದೇ ಇಲ್ಲೂ ಆಯಿತು. 1990ರ ದಶಕದಲ್ಲಿ ಸ್ವತಃ ಕ್ವೀನೋ ಅದರ ಪಕ್ಕದಲ್ಲಿ ಒಂಬತ್ತನೇ ಸೆಗ್ಮೆಂಟ್ ಒಂದಿದೆ ಎಂದ. ಕೆಲವು ವರ್ಷ ಕಳೆದ ಮೇಲೆ ಅವನೇ, ಇಲ್ಲ, ಬೇಡ, ಅದನ್ನು ಬಿಟ್ಟುಬಿಡಿ ಎಂದ. ಆದರೆ ನಡುವಿನ ಅವಧಿಯಲ್ಲಿ ಅಂತರರಾಷ್ಟ್ರೀಯ ಸಮಿತಿ ಒಂದರಿಂದ ಒಂಬತ್ತರವರೆಗೆ ಎಂದು ಅಧಿಕೃತವಾಗಿ ಬರೆದುಬಿಟ್ಟಿತ್ತು. ಗೆಜೆಟ್‌ನಲ್ಲಿ ಗ್ರಾಮ ಇದೆ, ಸ್ಥಳದಲ್ಲಿ ಇಲ್ಲ. ಇಂಥ ಬೇಚರಾಕ್ ಗ್ರಾಮಗಳನ್ನು ನಮ್ಮ ಮಾವ ಸರಪಳಿ ಹಿಡಿದು ಅಳೆದವರು.

ಅಮೆರಿಕದವರು ಸುಮ್ಮನಿರುತ್ತಾರೆಯೇ? 1953ರಲ್ಲೇ ಹೀಲಿ ಮತ್ತು ಶ್ರಾಯ್ ಎಂಬಿಬ್ಬರು ಪಿತ್ತನಾಳದ ಕವಲು ಹಿಡಿದು ಅಳೆದು ಮುಗಿಸಿದ್ದರು. ಅವರಿಗೆ ಸಿಕ್ಕಿದ್ದು ನಾಲ್ಕು ದೊಡ್ಡ ಹೋಳು. ಅದಕ್ಕೂ ಅವರು ಇಟ್ಟ ಹೆಸರು ಸೆಗ್ಮೆಂಟ್. ಹೀಗೆ ಅಟ್ಲಾಂಟಿಕ್‌ನ ಆ ದಡದ ಒಂದು ಸೆಗ್ಮೆಂಟಿನೊಳಗೆ ಈ ದಡದ ಎರಡು ಸೆಗ್ಮೆಂಟ್ ಹಿಡಿಸತೊಡಗಿದವು. 1975ರಲ್ಲಿ ಅಮೆರಿಕದ ಥಾಮಸ್ ಸ್ಟಾರ್ಜ್ಲ್, ಲಿವರ್ ಕಸಿಯ ಪಿತಾಮಹ, ‘ಟ್ರೈಸೆಗ್ಮೆಂಟೆಕ್ಟಮಿ’ ಎಂಬ ದೊಡ್ಡ ಆಪರೇಷನ್ನನ್ನು ಬಣ್ಣಿಸಿದರು. ಟ್ರೈ ಎಂದರೆ ಮೂರು. ತೆಗೆದ ಹೋಳುಗಳನ್ನು ಫ್ರಾನ್ಸಿನವರ ಲೆಕ್ಕದಲ್ಲಿ ಎಣಿಸಿದರೆ ನಾಲ್ಕು, ಐದು, ಆರು, ಏಳು, ಎಂಟು, ಒಟ್ಟು ಐದು. ಮೂರು ತೆಗೆದೆ ಎಂದು ಐದು ತೆಗೆದವನನ್ನು ನಮ್ಮೂರಿನ ಸಂತೆಯಲ್ಲಿ ಹಿಡಿದುಕೊಡುತ್ತಿದ್ದರು, ಅಲ್ಲಿ ಅದು ಪಠ್ಯಪುಸ್ತಕಕ್ಕೆ ಸೇರಿತು.

ಇನ್ನು ನಮ್ಮ ಮನೆಯ ಗಂಟು, ಅಂದರೆ ‘ಲೆಫ್ಟ್ ಲೋಬೆಕ್ಟಮಿ’. ಫ್ರಾನ್ಸಿನಲ್ಲಿ ಲೋಬ್ ಎಂದರೆ ಬೇಲಿಯ ಲೆಕ್ಕ. ಎಡ ಲೋಬ್ ತೆಗೆದರೆ ಎರಡು ಮತ್ತು ಮೂರನೇ ಸೆಗ್ಮೆಂಟ್ ಹೋದವು, ಲಿವರಿನ ಐದನೇ ಒಂದು ಭಾಗ ಎನ್ನಿ. ಅಮೆರಿಕದಲ್ಲಿ ಲೋಬ್ ಎಂದರೆ ಕ್ಯಾಂಟ್ಲಿ ಗೆರೆಯ ಲೆಕ್ಕ. ಅಲ್ಲಿ ಎಡ ಲೋಬ್ ತೆಗೆದರೆ ಎರಡು, ಮೂರು, ನಾಲ್ಕು ಮೂರೂ ಹೋದವು, ಸುಮಾರು ಮೂರನೇ ಒಂದು ಭಾಗ. ಅದೇ ಪದ, ಅದೇ ಕಾಗುಣಿತ, ನಡುವೆ ಒಂದು ಸೆಗ್ಮೆಂಟ್ ಅಂತರ. ಇದನ್ನು ಓದಿದ ರಾತ್ರಿ ನನಗೆ ಇನ್ಶೂರೆನ್ಸಿನವರ ಮೇಲೆ ಮೊದಲ ಬಾರಿಗೆ, ಬಹುಶಃ ಕೊನೆಯ ಬಾರಿಗೂ, ಗೌರವ ಹುಟ್ಟಿತು. ಅವರ ಪ್ರಶ್ನೆ ಸರಿಯಾಗಿತ್ತು. ಸರಿಯಾಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಇಷ್ಟರ ನಡುವೆ ಆಪರೇಷನ್ ಮಾಡುವವರು ಹೆಸರಿಗಾಗಿ ಕಾಯುತ್ತಾ ಕೂತಿರಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಹನೋಯ್‌ನ ಟೋನ್ ಥಾಟ್ ಟುಂಗ್ ಎಂಬ ಯುವಕ 1930ರ ದಶಕದಲ್ಲೇ ಇನ್ನೂರರಷ್ಟು ಲಿವರುಗಳ ಒಳನಾಳಗಳನ್ನು ಬಿಡಿಸಿ ನೋಡಿದ್ದ. ಆಮೇಲೆ ಬೆರಳಿನಲ್ಲೇ ಲಿವರನ್ನು ಒಡೆಯುತ್ತಾ, ಸಿಕ್ಕ ನಾಳಗಳನ್ನು ಕಟ್ಟುತ್ತಾ, ನಿಮಿಷಗಳಲ್ಲಿ ಕೆಲಸ ಮುಗಿಸುತ್ತಿದ್ದ. ಕೊಬ್ಬರಿ ಮಿಠಾಯಿ ಮುರಿದಂತೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತೇವೆ. ಇಲ್ಲಿ ಕೂಸು ಹುಟ್ಟಿ, ಮೀಸೆ ಬಂದು, ಮೊಮ್ಮಕ್ಕಳನ್ನು ಕಂಡ ಮೇಲೆ ನಾಮಕರಣದ ತೊಟ್ಟಿಲು ಕಟ್ಟಿದರು.

ಆ ತೊಟ್ಟಿಲಿನ ಊರು ಆಸ್ಟ್ರೇಲಿಯಾದ ಬ್ರಿಸ್ಬೇನ್. 1998ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಲಿವರ್ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘ ಒಂದು ಪರಿಭಾಷಾ ಸಮಿತಿ ನೇಮಿಸಿತು. ಆ ದೇಶದ ಹವೆಗೆ ನಾಮಕರಣದ ಗುಣ ಇರಬೇಕು. 1895ರಲ್ಲಿ ಅಲ್ಲಿಯದೇ ಬಾಸೆಲ್‌ನಲ್ಲಿ ಸೇರಿದ ಅಂಗರಚನಾಶಾಸ್ತ್ರಜ್ಞರು, ಇಡೀ ದೇಹಕ್ಕೆ ಚಲಾವಣೆಯಲ್ಲಿದ್ದ ಸುಮಾರು 50,000 ಹೆಸರುಗಳನ್ನು ಐದು ಸಾವಿರದ ಆಸುಪಾಸಿಗೆ ಇಳಿಸಿದ್ದರು. ಹೊಸ ಸಮಿತಿಯಲ್ಲಿ ಎಂಟು ದೇಶದ ಎಂಟು ಜನ. ಅಮೆರಿಕದ ಸ್ಟ್ರಾಸ್‌ಬರ್ಗ್ ಮುಂದಾಳು. ಭಾರತದವರು ಇರಲಿಲ್ಲ. ಇದ್ದಿದ್ದರೆ ಒಂದು ಉಪಸಮಿತಿ, ಒಂದು ಅಧ್ಯಯನ ಪ್ರವಾಸ, ಮೂರು ಸಲ ಅವಧಿ ವಿಸ್ತರಣೆ ಆಗಿ ಲಿವರು ಇನ್ನೂ ಹೆಸರಿಲ್ಲದೆ ನೆಮ್ಮದಿಯಾಗಿರುತ್ತಿತ್ತು. ಇವರು ಒಂದೂವರೆ ವರ್ಷದಲ್ಲಿ ಮುಗಿಸಿ, 2000ನೇ ಇಸವಿಯ ಮೇ ತಿಂಗಳಲ್ಲಿ ಬ್ರಿಸ್ಬೇನ್ ಸಮ್ಮೇಳನದ ಮುಂದೆ ಇಟ್ಟರು.

ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಒಪ್ಪಿಕೊಳ್ಳಬೇಕು. ಲಿವರು ಮೊದಲು ಎರಡು ಅರ್ಧ, ಅರ್ಧದೊಳಗೆ ಸೆಕ್ಷನ್, ಸೆಕ್ಷನ್ನಿನೊಳಗೆ ಸೆಗ್ಮೆಂಟ್. ರೋಮನ್ ಅಂಕಿ ಬಿಟ್ಟು ಮಾಮೂಲಿ ಅಂಕಿ. ಜಗಳಕ್ಕೆ ಮೂಲವಾದ ‘ಲೋಬ್’ ಪದಕ್ಕೆ ಗೇಟ್‌ಪಾಸ್. ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಮಾವ ತಲೆದೂಗಿದರು. ಆಮೇಲೆ ನಾನು ಮುಂದೆ ಓದಿದೆ. ಬಲ ಅರ್ಧ ತೆಗೆದರೆ ಅದು ರೈಟ್ ಹೆಪಟೆಕ್ಟಮಿ ಅಥವಾ ರೈಟ್ ಹೆಮಿಹೆಪಟೆಕ್ಟಮಿ. ಅದರ ಜೊತೆಗೆ ನಾಲ್ಕನೆಯದೂ ಹೋದರೆ ರೈಟ್ ಟ್ರೈಸೆಕ್ಷನೆಕ್ಟಮಿ ಅಥವಾ ಎಕ್ಸ್‌ಟೆಂಡೆಡ್ ರೈಟ್ ಹೆಪಟೆಕ್ಟಮಿ ಅಥವಾ ಎಕ್ಸ್‌ಟೆಂಡೆಡ್ ರೈಟ್ ಹೆಮಿಹೆಪಟೆಕ್ಟಮಿ. ಎರಡು ಮೂರು ತೆಗೆದರೆ ಲೆಫ್ಟ್ ಲ್ಯಾಟರಲ್ ಸೆಕ್ಷನೆಕ್ಟಮಿ ಅಥವಾ ಬೈಸೆಗ್ಮೆಂಟೆಕ್ಟಮಿ 2, 3.

‘ಎಷ್ಟು ಸಲ ಅಥವಾ ಅಂದೆ?’ ಎಂದರು ಮಾವ.

ಎಂಟು ದೇಶದವರು ಒಂದೇ ಮೇಜಿಗೆ ಕೂತು ಒಮ್ಮತಕ್ಕೆ ಬಂದ ಪದ ಯಾವುದು ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಬಹುದು: ‘ಅಥವಾ’. ನಮ್ಮ ಮನೆಯ ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಲ್ಲು ಆ ‘ಅಥವಾ’ದ ಎಡಬಲದಲ್ಲಿ ನಿಂತಿದ್ದವು. ಎರಡೂ ಬ್ರಿಸ್ಬೇನ್ ಪ್ರಕಾರ ನೂರಕ್ಕೆ ನೂರು ಶುದ್ಧ. ಅಂದಾಜುಪಟ್ಟಿ ಮಾತ್ರ ಹಳೆಯ ಫ್ರೆಂಚ್ ಪದ್ಧತಿಯಲ್ಲಿ ಶುದ್ಧ. ಸ್ಕ್ಯಾನಿನವರದು ಗ್ಯಾಲೆನ್‌ಗಿಂತ ಈಚಿನ, ಕ್ಯಾಂಟ್ಲಿಗಿಂತ ಆಚಿನ ಯಾವುದೋ ಶತಮಾನದಲ್ಲಿ ಶುದ್ಧ.

ಇದು ಸಾಲದೆಂದು ನಿರ್ಣಯದ ಬಾಲದಲ್ಲಿ ಒಂದು ಅನುಬಂಧವಿದೆ. ಸೆಕ್ಷನ್ ಬೇಡವೆನ್ನುವವರು ‘ಸೆಕ್ಟರ್’ ಬಳಸಬಹುದು. ಬಲಭಾಗದಲ್ಲಿ ಸೆಕ್ಷನ್ನೂ ಸೆಕ್ಟರೂ ಒಂದೇ. ಎಡಭಾಗದಲ್ಲಿ ಒಂದೇ ಅಲ್ಲ! ಲೆಫ್ಟ್ ಮೀಡಿಯಲ್ ಸೆಕ್ಷನ್ ಎಂದರೆ ನಾಲ್ಕನೆಯದು. ಲೆಫ್ಟ್ ಮೀಡಿಯಲ್ ಸೆಕ್ಟರ್ ಎಂದರೆ ಮೂರು ಮತ್ತು ನಾಲ್ಕು. ಆಪರೇಷನ್ ಥಿಯೇಟರಿನಲ್ಲಿ ಮುಖಗವಸಿನ ಹಿಂದಿನಿಂದ ಹೇಳಿದ ಪದದ ಕೊನೆ ಸರಿಯಾಗಿ ಕೇಳದಿದ್ದರೆ ಒಂದು ಸೆಗ್ಮೆಂಟ್ ಹೆಚ್ಚುಕಡಿಮೆ. ನಮಗೆ ಸೆಕ್ಷನ್ ಎಂದರೆ 144, ಸೆಕ್ಟರ್ ಎಂದರೆ ಎಚ್‌ಎಸ್‌ಆರ್ ಲೇಔಟು. ಹೊಟ್ಟೆಯೊಳಗೆ ಎರಡೂ ಒಟ್ಟಿಗೆ ಜಾರಿಯಲ್ಲಿವೆ ಎಂದು ಮಾವನವರಿಗೆ ಆಪರೇಷನ್ನಿಗೆ ಮುಂಚೆ ಹೇಳದೇ ಇದ್ದದ್ದು ಒಳ್ಳೆಯದಾಯಿತು.

ಬ್ರಿಸ್ಬೇನ್ ವಿಷಯದಲ್ಲಿ ಇನ್ನೊಂದು ಮಾತು. ಆ ಸಮಿತಿಯ ಎಂಟು ಜನರಲ್ಲಿ ರಸೆಲ್ ಸ್ಟ್ರಾಂಗ್ ಅದೇ ಊರಿನ ಸರ್ಜನ್. 1989ರಲ್ಲಿ ಜಪಾನಿನಿಂದ ಬಂದ ಒಬ್ಬ ತಾಯಿಯ ಲಿವರಿನಿಂದ ಎಡಗಡೆಯ ತುಂಡೊಂದನ್ನು ತೆಗೆದು ಆಕೆಯ ಮಗುವಿಗೆ ಕಸಿಮಾಡಿ ಬದುಕಿಸಿದವರು. ಜೀವಂತ ದಾನಿಯಿಂದ ಯಶಸ್ವಿಯಾದ ಮೊದಲ ಲಿವರ್ ಕಸಿ ಅದು. ಎಲ್ಲಿ ಕೊಯ್ಯಬೇಕು ಎಂಬುದರಲ್ಲಿ ಆ ಕೈಗೆ ಯಾವ ‘ಅಥವಾ’ವೂ ಇರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರಲು ಹನ್ನೊಂದು ವರ್ಷ ಹಿಡಿಯಿತು. ಕಸಿ ಮಾಡುವವರಂತೂ ಆ ತುಂಡನ್ನು ಇವತ್ತಿಗೂ ‘ಲೆಫ್ಟ್ ಲ್ಯಾಟರಲ್ ಸೆಗ್ಮೆಂಟ್’ ಎಂದೇ ಕರೆಯುತ್ತಾರೆ. ಎರಡು ಸೆಗ್ಮೆಂಟ್ ಇರುವ ಒಂದು ಸೆಗ್ಮೆಂಟ್. ಹಳೆಯ ಅಮೆರಿಕದ ಹೆಸರು, ನಾಲಿಗೆಗೆ ಒಗ್ಗಿಹೋಗಿದೆ. ಮೆಜೆಸ್ಟಿಕ್ ಟಾಕೀಸು ಹೋದ ಮೇಲೂ ಮೆಜೆಸ್ಟಿಕ್ ಉಳಿಯಲಿಲ್ಲವೇ?

ಬ್ರಿಸ್ಬೇನ್ ಕಥೆ ಮುಗಿಯಿತೆಂದು ತಿಳಿದಿರಾದರೆ ನಿಮಗೆ ಸಮಿತಿಗಳ ಪರಿಚಯವಿಲ್ಲ. 2012ರಲ್ಲಿ ಎರಡು ಹಂತದ ಒಂದು ಆಪರೇಷನ್ನಿಗೆ ‘ಆಲ್ಪ್ಸ್’ ಎಂಬ ಅಕ್ಷರಗುಚ್ಛ ಹೊಂದಿಸಿದರು. ಹೊಂದಿಸಿದವರಲ್ಲೊಬ್ಬರು ಜ್ಯೂರಿಕ್‌ನವರು, ಪರ್ವತ ಕಿಟಕಿಯಿಂದಲೇ ಕಾಣುತ್ತಿದ್ದಿರಬೇಕು. 2021ರಲ್ಲಿ ಇನ್ನೊಂದು ಗುಂಪು ಬಂದು, ಈ ಗ್ರೀಕು ಲ್ಯಾಟಿನ್ ಸಹವಾಸವೇ ಬೇಡ, ‘ಎಚ್’ ಎಂದು ಬರೆದು ಮುಂದೆ ತೆಗೆದ ನಂಬರುಗಳನ್ನು ಜೋಡಿಸಿ ಎಂದಿತು. ಬಲ ಅರ್ಧ ಹೋದರೆ ಎಚ್5678. ನಮ್ಮ ಮಾವ ಎಚ್23. ಸೆಗ್ಮೆಂಟ್ ಪೂರ್ತಿ ಹೋಗದಿದ್ದರೆ ನಂಬರಿನ ತಲೆಗೊಂದು ಚುಕ್ಕೆಗೆರೆ, ಪಿತ್ತನಾಳವೂ ಹೋದರೆ ಬಾಲಕ್ಕೊಂದು ಅಕ್ಷರ. ನನಗೇನೋ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ಅನ್ನಿಸಿತು: ಏನು ತೆಗೆದೆಯೋ ಅದನ್ನು ಬರಿ, ಉಳಿದ ಪಾಂಡಿತ್ಯ ಮನೆಯಲ್ಲಿಡು. ಬಸ್ಸಿನ ಬೋರ್ಡಿನಂತಿದೆ ಎಂಬ ಆಕ್ಷೇಪ ನಿಜ, ಆದರೆ ಬಸ್ ಬೋರ್ಡು ಓದಿ ದಾರಿ ತಪ್ಪಿದವರು ಕಡಿಮೆ. ಅದಕ್ಕೆ ‘ಹೊಸ ಜಗತ್ತಿನ ಪರಿಭಾಷೆ’ ಎಂದು ಹೆಸರಿಟ್ಟಿದ್ದಾರೆ. ಹಳೆ ಜಗತ್ತು ಖಾಲಿ ಮಾಡಿಲ್ಲ. ಮರುವರ್ಷವೇ, 2022ರಲ್ಲಿ, ಬ್ರಿಸ್ಬೇನ್‌ಗೆ ತಿದ್ದುಪಡಿಯಾಗಿ ‘ಟೋಕಿಯೋ 2020’ ಎಂಬ ಪದ್ಧತಿ ಅಚ್ಚಾಯಿತು. 2020ರ ಹೆಸರಿನ ಒಲಿಂಪಿಕ್ಸನ್ನೇ 2021ರಲ್ಲಿ ಆಡಿಸಿದ ಊರದು, ಇಸವಿಯ ವಿಷಯದಲ್ಲಿ ನಾವು ಮಾತಾಡಬಾರದು. ಇದರಲ್ಲಿ ಸಬ್‌ಸೆಗ್ಮೆಂಟಿಗೂ ಲಕ್ಷಣ ಹೇಳಿದ್ದಾರೆ. ಹಿಸ್ಸಾದೊಳಗೆ ಹಿಸ್ಸಾ.

ಇಷ್ಟೂ ಜ್ಞಾನವನ್ನು ನಾಲ್ಕು ಪುಟಕ್ಕೆ ಇಳಿಸಿ, ಗ್ಯಾಲೆನ್‌ನಿಂದ ಟೋಕಿಯೋವರೆಗೆ ಒಂದು ಪತ್ರ ಸಿದ್ಧಮಾಡಿದೆ. ಮಾವ ಓದಿದರು. ‘ಚೆನ್ನಾಗಿದೆ. ಇದನ್ನ ಕಳಿಸಿದರೆ ಅವರು ಮೆಡಿಕಲ್ ಬೋರ್ಡಿಗೆ ಹಾಕ್ತಾರೆ, ಬೋರ್ಡಿನಲ್ಲಿ ಒಬ್ಬ ಅಮೆರಿಕದಲ್ಲಿ ಓದಿದವನು ಇರ್ತಾನೆ, ನಾನು ಸತ್ತ ಮೇಲೆ ನನ್ನ ವಾರಸುದಾರರಿಗೆ ಉತ್ತರ ಬರುತ್ತೆ’ ಎಂದು ಪತ್ರ ಮಡಚಿ, ಬಿಳಿ ಹಾಳೆ, ಸ್ಕೇಲು, ಪೆನ್ಸಿಲ್ ತರಿಸಿದರು. ಸ್ಕ್ಯಾನಿನ ಚಿತ್ರ ನೋಡಿ ಲಿವರಿನ ನಕ್ಷೆ ಬರೆದು, ಎರಡು ಹಿಸ್ಸಾಗಳಿಗೆ ಅಡ್ಡಗೆರೆ ಹೊಡೆದರು. ಕೆಳಗೆ ದುಂಡಗಿನ ಅಕ್ಷರದಲ್ಲಿ ಷೆಡ್ಯೂಲು:

ಪೂರ್ವಕ್ಕೆ ಗುಲ್ಮ. ಪಶ್ಚಿಮಕ್ಕೆ ಸೆಗ್ಮೆಂಟ್ ನಂಬರ್ 4, ರೋಗಿಯ ಸ್ವಾಧೀನದಲ್ಲಿದೆ. ಉತ್ತರಕ್ಕೆ ವಪೆ. ದಕ್ಷಿಣಕ್ಕೆ ಜಠರ. ಇವುಗಳ ಮಧ್ಯೆ ಇದ್ದ ನಂಬರ್ 2 ಮತ್ತು 3ನ್ನು ಮಾತ್ರ ತೆಗೆದಿರುತ್ತದೆ. ಆಪರೇಷನ್ ಒಂದೇ. ಹೆಸರು ಮೂರು.

ಸರ್ಜನ್ ಅದನ್ನು ನೋಡಿ ಬಹಳ ಹೊತ್ತು ನಕ್ಕರು. ತಮ್ಮ ಇಪ್ಪತ್ತು ವರ್ಷದ ಕೆಲಸದಲ್ಲಿ ಇಷ್ಟು ಸ್ಪಷ್ಟವಾದ ಆಪರೇಷನ್ ನೋಟ್ ನೋಡಿಲ್ಲ ಎನ್ನುತ್ತಾ, ಅನುವಾದವನ್ನು ಜೊತೆಗಿಟ್ಟು, ಸಹಿ ಹಾಕಿ ಸೀಲು ಒತ್ತಿದರು. ಹದಿನೆಂಟು ದಿನಕ್ಕೆ ಕ್ಲೇಮ್ ಪಾಸಾಯಿತು. ಮಂಜೂರಾತಿ ಪತ್ರದಲ್ಲಿ ಚಿಕಿತ್ಸೆಯ ಹೆಸರಿನ ಮುಂದೆ ‘ಹೊಟ್ಟೆಯ ಆಪರೇಷನ್, ಇತರೆ’ ಎಂದಿತ್ತು.

ಆರು ತಿಂಗಳ ನಂತರ ಮತ್ತೆ ಸ್ಕ್ಯಾನ್. ಲಿವರಿಗೆ ಒಂದು ವಿಚಿತ್ರ ಗುಣವಿದೆ. ಕೊಯ್ದ ತುಂಡು ಮರಳಿ ಚಿಗುರುವುದಿಲ್ಲ, ಉಳಿದದ್ದೇ ಹಿಗ್ಗಿ ಹಳೆಯ ತೂಕದ ಹತ್ತಿರಕ್ಕೆ ಬರುತ್ತದೆ. ಎರಡು ಮೂರನೇ ನಂಬರಿನ ಜಾಗಕ್ಕೆ ನಾಲ್ಕನೆಯದು ಸರಿದುಕೊಂಡಿತ್ತು. ಚಿತ್ರ ಬೆಳಕಿಗೆ ಹಿಡಿದು ಮಾವ ‘ಒತ್ತುವರಿ’ ಎಂದರು, ಆಕ್ಷೇಪಣೆಯೇನೂ ಇಲ್ಲದ ದನಿಯಲ್ಲಿ. ಆಮೇಲೆ ರಿಪೋರ್ಟ್ ಓದಿದರು. ಕಂಪ್ಯೂಟರಿನಲ್ಲಿ ಮೊದಲೇ ಅಚ್ಚುಮಾಡಿಟ್ಟ ನಮೂನೆಯಂತೆ ಅದರಲ್ಲಿತ್ತು: ಲಿವರ್, ಲೆಫ್ಟ್ ಲೋಬ್, ನಾರ್ಮಲ್.

ಬೇಲಿಯ ಲೆಕ್ಕದಲ್ಲಿ ಇಲ್ಲದೇ ಇರುವ ಲೆಫ್ಟ್ ಲೋಬ್ ನಾರ್ಮಲ್ ಆಗಿತ್ತು. ಕ್ಯಾಂಟ್ಲಿಯ ಲೆಕ್ಕದಲ್ಲಿ ನಾಲ್ಕನೆಯದು ಉಳಿದಿರುವುದರಿಂದ ಅದು ಇದೆ ಎಂದೂ ವಾದಿಸಬಹುದಾಗಿತ್ತು. ನಾನು ಎರಡನ್ನೂ ವಿವರಿಸಲು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದು, ಜೇಬಿನಿಂದ ಪೆನ್ಸಿಲ್ ತೆಗೆದು, ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಬರೆದರು: ‘ಇದೆ ಅಥವಾ ಇಲ್ಲ. ಸ್ಥಳ ತನಿಖೆ ಬಾಕಿ.’